ಕೊಳಗ

ಸಾಗರದ ಸೊಸೈಟಿಯಲ್ಲಿ ಮೆಣಸು ತೂಗುವುದು ನನ್ನ ಕೆಲಸ.
ಬಾಗಿಲಲ್ಲಿ ಬಂದೂಕು ಹಿಡಿದು ಕೂರುವುದು ಗುತ್ಯಪ್ಪ ಚಿಕ್ಕಪ್ಪನದು.
ಅದರಲ್ಲಿ ಗುಂಡಿಲ್ಲ ಅನ್ನುವುದು
ಅವನಿಗೆ ಗೊತ್ತು, ನನಗೆ ಗೊತ್ತು.

ಇವತ್ತು ಕ್ವಿಂಟಾಲಿಗೆ ಮತ್ತೆರಡು ಸಾವಿರ ಇಳಿಯಿತು.
ದ್ವೀಪದಿಂದ ಮಾಲು ಬಂತಂತೆ ಹಡಗಿನಲ್ಲಿ.
ಅಲ್ಲಿ ಬೆಳೆದದ್ದೂ ಅಲ್ಲವಂತೆ,
ಎಲ್ಲಿಯದೋ ಕಾಳು, ಅಲ್ಲಿ ಬರೀ ಚೀಲ ಬದಲಾಯಿಸಿದ್ದಂತೆ.
‘ಹಾಳಾಗಿ ಹೋಗ್ಲಿ ಅತ್ಲಾಗೆ’ ಅಂದರು
ತಾಳಗುಪ್ಪದ ಕಡೆಯ ಇಬ್ಬರು, ಎಲೆ ಅಡಿಕೆ ಉಗಿದು.

ಗೋಡೆಯ ಟೀವಿಯಲ್ಲಿ ಅದು ಹಾಳಾಗುತ್ತಲೇ ಇತ್ತು.
ಖಾಲಿ ಸಿಲಿಂಡರುಗಳನ್ನು ಸರಪಳಿಯಲ್ಲಿ ಬಿಗಿದು
ಸರತಿಗೆ ಬಿಟ್ಟು
ನೆರಳಿಗೆ ಹೋಗಿ ಕುಂತಿದ್ದರು ಜನ.
ಆಮೇಲೆ ಉದ್ದನೆಯ ಮೇಜು, ಕೋಟು ತೊಟ್ಟವರು,
ಬಂದರು ಯಾರಿಗೆ, ಎಷ್ಟು ವರ್ಷಕ್ಕೆ.
ಎಣ್ಣೆ ಟ್ಯಾಂಕಿನ ಮಾತು ಬಂದಾಗ
ನಮ್ಮದೂ ಒಂದು ಕುರ್ಚಿ ಕಂಡಿತು ಅಲ್ಲಿ.

ಚಿಕ್ಕಪ್ಪ ಹೋದಾಗ ಇಪ್ಪತ್ತೆರಡು.
ಶಾಂತಿ ಕಾಯಲು ಅಂತ ಹಡಗು ಹತ್ತಿಸಿದ್ದರು.
ಮೊದಲ ತಿಂಗಳು ಹಾರ ಹಾಕಿದ ಹೆಂಗಸು,
ಚೊಂಬಿನಲ್ಲಿ ನೀರು ಕೊಟ್ಟವಳು,
ಮಳೆ ಹಿಡಿಯುವ ಹೊತ್ತಿಗೆ ಬಾಗಿಲು ಹಾಕಿಕೊಂಡಳು.
ತಾಳೆಗರಿಯ ಬೇಲಿ, ಹಳೆಯ ಬಾಗಿಲು,
ಒಂದೇ ಒದೆತ.
ಒಳಗೆ ಬಂದೂಕಿರಲಿಲ್ಲ.
ಅಕ್ಕಿ ಅಳೆಯುತ್ತಿದ್ದಳು.
ಅಳತೆಯ ಪಾತ್ರೆಯನ್ನು ಎದೆಗವಚಿಕೊಂಡು ಎದ್ದು ನಿಂತಳು,
ಕೂಸಿನ ಹಾಗೆ.

ಇದನ್ನು ಅವನು ಹೇಳಿದ್ದು ಒಮ್ಮೆ ಮಾತ್ರ,
ನಮ್ಮಜ್ಜಿ ಸತ್ತ ಹನ್ನೊಂದನೇ ದಿನ,
ಅಟ್ಟದಿಂದ ಹಳೇ ಕೊಳಗ ಇಳಿಸುವಾಗ.
ಅಜ್ಜಿ ಕಾಗೋಡಿನವಳು.
ಕೊಡೋ ಕೊಳಗ ಬೇರೆ, ಅಳಕೊಳ್ಳೋ ಕೊಳಗ ಬೇರೆ
ಅಂತ ಗದ್ದೆಗಿಳಿದು ನಿಂತವರ ಹಿಂದೆ ತಾನೂ ನಿಂತವಳು,
ಪೊಲೀಸರ ವ್ಯಾನು ಬಂದಾಗ ಓಡದವಳು.
‘ಅವ್ವನ ಥರಾನೇ ನಿಂತಿದ್ಲು ಕಣೇ’ ಅಂದಿದ್ದ.
ಮುಂದೇನಾಯಿತು ಅಂತ
ನಾನು ಕೇಳಲಿಲ್ಲ.
ಈಗಲೂ ಕೇಳಿಲ್ಲ.

ಸಾಲ ಕೊಡುವ ದೊಡ್ಡವರ ಹತ್ತಿರ
ಎಷ್ಟು ಕೊಳಗಗಳಿವೆಯೋ.
ಅಜ್ಜಿಯಾಗಿದ್ದರೆ ಮೇಜಿನ ಹತ್ತಿರ ಹೋಗಿ
ತಳ ಬಡಿದು ನೋಡುತ್ತಿದ್ದಳು.

‘ಹಾಳಾಗಿ ಹೋಗ್ಲಿ’ ಅಂದರು ಇವರು ಮತ್ತೊಮ್ಮೆ.
ಚಿಕ್ಕಪ್ಪ ಎದ್ದ. ಟೀವಿ ಆರಿಸಿದ.
ಬಂದೂಕು ಗೋಡೆಗೊರಗಿಸಿ ನನ್ನ ಕಟ್ಟೆಗೆ ಬಂದು
ಒಂದು ಹಿಡಿ ಕಾಳು ಮೂಸಿ, ಹಾಗೇ ಬಿಟ್ಟ.
‘ಚೀಲ ಅವಳದು. ಮೆಣಸು ಅವಳದಲ್ಲ.’
ಅವರಿಬ್ಬರೂ ಮುಖ ಮುಖ ನೋಡಿಕೊಂಡರು,
ಮುದುಕನಿಗೆ ಬಿಸಿಲು ತಾಗಿದೆ ಅಂತ.

‘ಮೊದ್ಲು ಸೊನ್ನೆ ಮಾಡು’ ಅಂದ ನನಗೆ.
ಒತ್ತಿದೆ. ಇನ್ನೊಮ್ಮೆ ಒತ್ತಿದೆ.
ಏನೂ ಇಡದ ತಟ್ಟೆ
ನಲವತ್ತು ಗ್ರಾಮು ತೋರಿಸುತ್ತಿತ್ತು.