ದುಭಾಷಿ

ತಿಕೋಟಾದ ಹೈಸ್ಕೂಲು, ಶನಿವಾರ, ಮುಂಜಾನೆಯ ಸಾಲಿ.
ಹೆಡ್‌ಮಾಸ್ತರರ ಕೋಣೆಯಲ್ಲಿ ಕುರ್ಚಿ ಇದ್ದವು,
ಯಾಡಿ ಕೂಡಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತಳು
ಸೆರಗಿಗಂಟಿದ ದ್ರಾಕ್ಷಿತೊಟ್ಟು ಕೀಳುತ್ತ.
ನಡುವೆ ನಾನು, ಒಂಬತ್ತನೆತ್ತೆ, ದುಭಾಷಿ.

ಎಂಟು ವರ್ಷದವನಿದ್ದಾಗಿನಿಂದ ಇದೇ ಕೆಲಸ.
ರೇಷನ್ ಅಂಗಡಿ, ಬ್ಯಾಂಕು, ದವಾಖಾನೆ;
ಎಲ್ಲಿ ನೋವು ಅಂತ ಡಾಕ್ಟರು ಕೇಳಿದರೆ
ಹೆಂಗಸರ ಮಾತು ಹುಡುಗ ಹೇಳಬೇಕು,
ಅರ್ಧ ನುಂಗಿ.
ಸೊಲ್ಲಾಪುರದಾಚೆಯ ತಾಂಡಾದಿಂದ ಬಂದವಳಿಗೆ
ದಕ್ಕಿದ್ದು ಸಂತೆಯ ಕನ್ನಡವಷ್ಟೇ:
ಎಷ್ಟ, ಬ್ಯಾಡ, ತೂಕ ಸರಿ ಹಿಡಿ.

ವಿಜಯಪುರದಿಂದ ಬಂದ ಹಂಚಿನಾಳ ಮೇಡಂ
ಬೈಯಲಿಲ್ಲ. ಮೆಲ್ಲಗೆ ಅಂದರು:
"ನಿಮ್ಮ ಮಗ ಪಂಕ್ಚರ್ ಸೊಲ್ಯೂಷನ್ ಮೂಸ್ತಾನ,
ಕರ್ಚೀಫಿನಾಗ ಹಿಂಡಿಕೊಂಡು, ಪಾಯಖಾನಿ ಹಿಂದ.
ವ್ಯಸನ ಆಗೋಕಿಂತ ಮೊದಲ ನಿಮ್ಮ ಕೂಡ ಮಾತಾಡಬೇಕು."

ನಾನು ಯಾಡಿಯತ್ತ ತಿರುಗಿದೆ, ನಮ್ಮ ಮಾತಿನಲ್ಲಿ
ಗಣಿತದಾಗ ಕಮ್ಮಿ ಬಿದ್ದಾವಂತ, ಅಂದೆ.
ಪಂಕ್ಚರ್ ಅನ್ನುವುದು ಅವಳ ಕಿವಿಗೂ ಬಿದ್ದಿತ್ತಲ್ಲ,
ಅದಕ್ಕೊಂದು ಸೈಕಲ್ಲು ಸೇರಿಸಿದೆ:
ಸೈಕಲ್ ಪಂಕ್ಚರಾಗಿ ತಡವಾಗಿ ಬರ್ತೀನಂತ.
ಯಾಡಿ ತಲೆಯಾಡಿಸಿದಳು.
ನಮ್ಮ ಮನೆಯಲ್ಲಿ ಸೈಕಲ್ಲೇ ಇರಲಿಲ್ಲ.

ಆಮೇಲೆ ನನ್ನನ್ನು ದಾಟಿ ಮೇಡಂ ಕಡೆ ನೋಡಿ
"ವಾಸನಿ," ಅಂದಳು. "ಗೊತ್ತೈತಿ. ಎರಡ ತಿಂಗಳಾತು."

ಮೇಡಂ ಅಂದದ್ದು ವ್ಯಸನ, ಅವಳು ಕೇಳಿದ್ದು ವಾಸನೆ.
ಮಣೂಕದ ಶೆಡ್ಡಿನಲ್ಲಿ ಅವಳ ಮೂಗಿಗೇ ದಿನಗೂಲಿ:
ಯಾವ ಜಾಳಿಗೆಯ ಹಣ್ಣು ಹುಳಿಯೊಡೆದಿದೆ,
ಎಲ್ಲಿ ಗಂಧಕದ ಹೊಗೆ ಹೆಚ್ಚಾಗಿದೆ,
ಬಾಗಿಲಲ್ಲೇ ನಿಂತು ಹೇಳುತ್ತಾಳೆ.
ಅಂಥವಳ ಮಗ್ಗುಲಲ್ಲಿ ಮಲಗಿ
ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದೆ.

"ಗೊತ್ತಿದ್ದೂ ಯಾಕ ಕೇಳಲಿಲ್ಲ?"
ಇದೊಂದನ್ನು ನೆಟ್ಟಗೆ ದಾಟಿಸಿದೆ.
ಉತ್ತರ ನಮ್ಮ ಮಾತಿನಲ್ಲಿ ಬಂತು:
ಹೊರಗಿಂದೆಲ್ಲ ನನಗ ಇವನ ಬಾಯಿಂದನ ಬರೂದು.
ಇವನ ಜೋಡಿ ಮಾತು ಮುರಿದ್ರ
ಊರಿಗೆಲ್ಲ ನಾ ಮೂಕಿ.

ಅದನ್ನು ಕನ್ನಡಕ್ಕೆ ತರಲು ಮೂರು ಸಲ ಶುರುಮಾಡಿದೆ.

ಮೇಡಂ ಗುಳಿಗೆ ಬರೆಯಲಿಲ್ಲ.
ರಾತ್ರಿ ಕೂಡಿ ಉಣ್ಣಿರಿ, ಅಂದರು. ಕೇಳಿರಿ. ಗೆಳೆಯರ ಹೆಸರು ತಿಳಕೊಳ್ಳಿರಿ.
ಇಷ್ಟಕ್ಕಾಗಿ ಒಂದು ದಿನದ ಪಗಾರ ಹೋಯಿತೇ ಅಂತ
ಯಾಡಿ ದಾರಿಯುದ್ದಕ್ಕೂ ಗೊಣಗಿದಳು.

ಆದರೂ ಕೇಳಿದಳು. ಯಾರ ಜೋಡಿ ಕುಂತಿದ್ದಿ,
ಅವನ ಅವ್ವ ಯಾರು, ಎಲ್ಲಿ ದುಡೀತಾಳ.
ಮಲಕಾರಿಯ ಅವ್ವ ಅದೇ ಶೆಡ್ಡಿನ ಮೂರನೇ ಸಾಲಿನವಳು;
ಇಬ್ಬರೂ ಕೂತು ತೊಟ್ಟು ಬಿಡಿಸುತ್ತ
ನಮ್ಮ ಸಂಗತಿಯನ್ನೂ ಬಿಡಿಸಿದರು.

ಬಾಪು ಗೋವಾದಿಂದ ಒಂಬತ್ತಕ್ಕೆ ಫೋನು.
ಮೊದಲ ದಿನ ಬೈದ. ಮರುದಿನ ಸುಮ್ಮನಿದ್ದ.
ಮೂರನೆಯ ದಿನ ಕೆಮ್ಮಿ, ನಾನೂ ಗುಟ್ಕಾ ಬಿಡ್ತೀನಿ, ಅಂದ.
ಬಿಟ್ಟನೋ ಇಲ್ಲವೋ, ಫೋನಿಗೆ ವಾಸನೆಯಿಲ್ಲ.

ಸೊಲ್ಯೂಷನ್ನಿಗೆ ನಮ್ಮ ಮಾತಿನಲ್ಲಿ ಹೆಸರಿಲ್ಲ, ಅಂದೆ ಒಂದು ರಾತ್ರಿ.
ಹೆಸರು ಬ್ಯಾಡ, ಅದು ಏನು ಮಾಡ್ತದ ಹೇಳು, ಅಂದಳು.
ಹೇಳಿದೆ: ತಲೆಯೊಳಗೆ ಸುಗ್ಗಿ ಮುಗಿದ ಶೆಡ್ಡು,
ಬರೀ ಗಾಳಿ. ಯಾರೂ ಕರೆಯುವುದಿಲ್ಲ.
ಯಾರ ಮಾತನ್ನೂ ಯಾರಿಗೂ ದಾಟಿಸಬೇಕಾಗಿಲ್ಲ.

ಯಾಡಿ ತಾಟಿನಂಚು ಬೆರಳಿಂದ ಒರೆಸುತ್ತಲೇ ಇದ್ದಳು.
ಮರುದಿನ ಬ್ಯಾಂಕಿಗೆ ಒಬ್ಬಳೇ ಹೋದಳು.
ಚಲನ್ ತಪ್ಪು ತುಂಬಿ, ಸರತಿಯಲ್ಲಿ ಎರಡು ಸಲ ನಿಂತು,
ಮಧ್ಯಾಹ್ನ ಬಂದು ಪಾಸ್‌ಬುಕ್ಕನ್ನು ನನ್ನ ಮುಂದೆ ಎಸೆದಳು,
ಪಣ ಗೆದ್ದವಳ ಹಾಗೆ.

ಸಾಲಿ ಮತ್ತೆ ಶುರುವಾದ ಜೂನಿನಲ್ಲಿ ಇನ್ನೊಮ್ಮೆ ಜಾರಿದೆ.
ಮನೆಗೆ ಬಂದು, ಅವಳು ಕೇಳುವ ಮೊದಲೇ
ಅಂಗೈ ಚಾಚಿದೆ.
ಮೂಸಿದಳು. ಬಿಡಲಿಲ್ಲ, ಹಿಡಿದೇ ಇದ್ದಳು.
ಒಲೆಯ ಮೇಲೆ ರೊಟ್ಟಿ ಕರಕಾಯಿತು.
"ಕೈ ತೊಳಕೊ," ಅಂದಳು,
ಕನ್ನಡದಲ್ಲಿ.