ಏಳನೇ ಕುಣಿ

ಬೋಗಿ ಅಂದ್ರ ನಮ್ಮೂರಾಗ ರೈಲಿಂದು.
ವರ್ಕ್‌ಶಾಪಿನ ಭೊಂಗಾ ಕೇಳಿ ಬೆಳದ ಹುಡುಗರು ನಾವು,
ಸಾಹೇಬರ ಚೀಲ ಹೊರಾಕ ಹೋದ ಮೊದಲನೇ ದಿನ
'ಡಬಲ್ ಬೋಗಿ' ಅಂತ ಯಾರೋ ಅಂದಾಗ
ತಿರುಗಿ ಹಳಿ ಕಡೆ ನೋಡಿದ್ವಿ.

ಯಮನೂರಿ ಎರಡ ದಿನದಾಗ ಎಲ್ಲಾ ಕಲತು ನನಗ ಹೇಳಿಕೊಟ್ಟ:
ಪ್ರತಿ ಕುಣಿಗೂ ಒಂದು ಲೆಕ್ಕ ಕಟ್ಟಿರತಾರ, ಅದು ಪಾರ್.
ನಾಕ ಏಟಿನ ಕುಣಿ ನಾಕರಾಗ ಮುಗಿಸಿದ್ರ ಪಾರಾದಿ.
ಐದಾದ್ರ ಹಿಂದ ಒಂದು ಬೋಗಿ ಜೋಡಿಸಿದಂಗ,
ಆರಾದ್ರ ಎರಡು,
ಎಳಕೋತ ಹೋಗಬೇಕು ಕಡೀತನಕಾ.
ಮೂರರಾಗ ಮುಗದ್ರ ಗುಬ್ಬಿ. ಎರಡರಾಗ ಹದ್ದು.
ಅದಕ್ಕಿಂತ ಮ್ಯಾಲೆ ಒಂದು ಕಡಲಹಕ್ಕಿ ಐತಂತ,
ಗದಗ ರೋಡಿನ ಮ್ಯಾಲೆ ಅದನ್ನ ಯಾರೂ ಕಂಡಿಲ್ಲ.

ಕಡಿಮಿ ಇದ್ದಾಂವ ಗೆದ್ದಂಗ.
ಇದು ನಮ್ಮಪ್ಪಗ ತಿಳೀಲೇ ಇಲ್ಲ.
ಹತ್ತಿ ಅಡತಿಯೊಳಗ ತಕ್ಕಡಿ ಹಿಡಿಯಾಂವ ಅಂವ;
'ಕಡಿಮಿ ಆದ್ರ ಗೆಲ್ಲೂದು ಯಾವ ಊರ ಆಟೋ?' ಅಂತಿದ್ದ.

ಹುಲ್ಲಿನ ಗ್ರೀನ್ ಎಲ್ಲಿಂದ ಬರಬೇಕು ನಮಗ.
ಲೋಕೋ ಶೆಡ್ಡಿನ ಸುಟ್ಟ ಎಣ್ಣಿ ಉಸುಕಿಗೆ ಕಲಸಿ
ದುಂಡನ ಕರೀ ಅಂಗಳ ಮಾಡಿದ್ರು, ಒಂಬತ್ತು.
ಕುಂಟಿ ಹೊಡದಂಗ ಹಲಗಿ ಎಳದು
ಚೆಂಡಿಗೆ ದಾರಿ ಸವರಿ ಕೊಡೂದು ನಮ್ಮ ಕೆಲಸ.
ಬ್ಯಾಸಗ್ಯಾಗ ಎರಿ ನೆಲ ಬಾಯಿ ಬಿಟ್ಟು
ಚೆಂಡು ನುಂಗತಿತ್ತು;
ಬಿರುಕಿನಾಗ ತೋಳು ಹಾಕಿ ತಗದು ಕೊಟ್ರ ನಾಕಾಣೆ.

ವರ್ಷಕ್ಕೊಮ್ಮೆ, ಸಾಹೇಬರ ಪಂದ್ಯ ಮುಗದ ಮರುದಿನ,
ನಮ್ಮ ಪಂದ್ಯ.
ಬೇಡಿ ತಂದ ಕೋಲು, ಬರಿಗಾಲು,
ಒಂಬತ್ತು ಕುಣಿ, ಎರಡು ಸುತ್ತು.
ಅವನ ಚೀಟಿ ನಾ ಬರೀಬೇಕು, ನನ್ನದು ಅಂವ.
ತನ್ನ ಲೆಕ್ಕ ತಾ ಬರಕೋಬಾರದು,
ಕಡೀಕ ಓದಿ ಸಹಿ ಹಾಕೂದಷ್ಟ ತನ್ನ ಪಾಲು.

ಎರಡನೇ ಸುತ್ತು. ಏಳನೇ ಕುಣಿ. ಜಾಲಿಗಿಡದ ಹಿಂದ
ಕೋಲು ನೆಲಕ್ಕ ಊರಿದಾಂವ ಹೊಡೀಲಿಲ್ಲ.
'ನೀಲಾ, ಚೆಂಡು ಅಲಗ್ಯಾಡ್ತು. ಒಂದು ಹಾಕು.'
ನಾ ಕಂಡಿರಲಿಲ್ಲ. ಯಾರೂ ಕಂಡಿರಲಿಲ್ಲ.
ಗೋಧಿ ಕಾಳಿನಷ್ಟು ಸರದಿರಬೇಕು.
ಕನ್ನಡದಾಗ ೪ಕ್ಕೂ ೫ಕ್ಕೂ
ಒಂದ ಕೊಂಕಿನ ಫರಕು.
ಆ ಕೊಂಕು ನಾ ಎಳೀಲಿಲ್ಲ.

ಚೀಟಿ ಕೊಟ್ಟೆ. ಅಂವ ಓದಲಿಲ್ಲ.
'ನೀ ಬರದೀಯಲ್ಲ' ಅಂದು ಸಹಿ ಮಾಡಿದ,
ಹೊಸದಾಗಿ ಕಲತ ಸಹಿ, ಕೆಳಗ ಎರಡು ಗೆರಿ.

ಡಿಮೆಲ್ಲೊ ಸಾಹೇಬ್ರು ಒಂದೊಂದ ಕುಣಿ ಓದಕೋತ ಬಂದ್ರು.
ಏಳಕ್ಕ 'ನಾಲ್ಕು' ಅಂದ್ರು.
ಯಮನೂರಿ ಕೈ ಎತ್ತಿದ.

ಹೆಚ್ಚು ಬರದು ಸಹಿ ಮಾಡಿದ್ರ ಹೆಚ್ಚೇ ನಿಲ್ಲತೈತಿ;
ಕಡಿಮಿ ಬರದು ಸಹಿ ಮಾಡಿದ್ರ ಆಟದಿಂದನ ಹೊರಗ.
ಸಾಹೇಬ್ರು ಪುಸ್ತಕ ತಗದು ತೋರಿಸಿದ್ರು,
ಪಾಪ, ಅವರಿಗೂ ಬ್ಯಾಸರ.
ಅವನ ಖರೇ ಲೆಕ್ಕ ಎಪ್ಪತ್ತೆರಡು.
ಕಪ್ಪು ಒಯ್ದಾಂವಂದು ಎಪ್ಪತ್ನಾಕು.

ಐದು ಬರದಿದ್ರೂ ಗೆಲ್ಲತಿದ್ದ.

ಈಗ ಇಬ್ಬರೂ ರಿಟೈರು.
ರಾತ್ರಿ ಅವನ ಮಗಳ ಫೋನಿನಾಗ
ಸ್ಕಾಟ್ಲೆಂಡಿನ ಆ ಹಳೇ ಮೈದಾನ ನೋಡತೀವಿ:
ಕಲ್ಲಿನ ಸಣ್ಣ ಸೇತುವೆ, ಸಮುದ್ರದ ಗಾಳಿ,
ಆಳು ಮುಳುಗೂವಷ್ಟು ಉಸುಕಿನ ತಗ್ಗು.
'ಎಣ್ಣಿ ಹಾಕಿಲ್ಲ ಅವರು' ಅಂತಾನ ಯಮನೂರಿ.
ಎರಡು ದಿನಕ್ಕ ಗೆರಿ ಬಿದ್ದು ಅರ್ಧ ಮಂದಿ ಮನೀಗೆ,
ಒಂದ ಏಟಿಗೆ ತಪ್ಪಿದಾಂವ ಟೊಪಗಿ ತಗದು
ಅದರೊಳಗ ಏನೋ ಹುಡುಕತಾನ.
ಯಾರಿಗರೇ ಬೋಗಿ ಬಿದ್ರ
ನಾವಿಬ್ಬರೂ ಒಮ್ಮೆಲೇ 'ಕೂ...' ಅಂತೀವಿ,
ಒಳಗಿಂದ ಅವನ ಹೆಂಡತಿ ಬೈತಾಳ.

ಮೊನ್ನೆ ಒಬ್ಬ, ಮೊಣಕಾಲುದ್ದ ಹುಲ್ಲಿನಾಗ ಬಗ್ಗಿದಾಂವ,
ತಟ್ಟನ ಎದ್ದು ಪಂಚರನ್ನ ಕರದ.
ಚೆಂಡು ಅಲಗ್ಯಾಡಿತ್ತಂತ.
ನಾ ಫೋನಿನ ಮ್ಯಾಲಿಂದ ಕಣ್ಣು ತಗೀಲಿಲ್ಲ.
ಯಮನೂರಿ ಶೇಂಗಾ ಸುಲದು
ನನ್ನ ಅಂಗೈಯಾಗ ಹಾಕಿದ, ತನ್ನ ಪಾಲಿಂದೂ.

ಆ ಚೀಟಿ ನನ್ನ ಕಡೆ ಐತಿ,
ರದ್ದಿ ಬುಟ್ಟಿಯಿಂದ ಎತಗೊಂಡು ಬಂದದ್ದು.
ಪೆನ್ಸಿಲ್ ಮಾಸೇತಿ. ೪ರ ಬಾಜೂಕ
ಕೊಂಕಿಗೆ ಆಗೂವಷ್ಟು ಜಾಗಾ ಇನ್ನೂ ಐತಿ.
ಕೆಳಗ ಅವನ ಸಹಿ.
ಸಹಿ ಆದ ಮ್ಯಾಲೆ ತಿದ್ದೂ ಹಂಗಿಲ್ಲ.