ಏಳು ಗುಂಡಿ

ಅಪ್ಪ ಗುಂಡು ಎಣಿಸುತ್ತಿದ್ದ, ನಾನು ಗುಂಡಿ.
ಅರಸೀಕೆರೆಯ ರೈಲ್ವೆ ಲೈನಿನಲ್ಲಿ ಎರಡು ಕೋಣೆಯ ಮನೆ.
ಪುಷ್ಯದ ಚಳಿ. ಕೊಬ್ಬರಿ ಎಣ್ಣೆ
ಬಾಟಲಿಯೊಳಗೇ ಬೆಳ್ಳಗೆ ಕುಂತಿತ್ತು.

ಕೋಟು ಸರ್ಕಾರದ್ದು.
ನೀಲಿ ಉಣ್ಣೆ, ಮೊಣಕಾಲು ಮುಟ್ಟುವ ಉದ್ದ,
ಪಾಯಿಂಟ್ಸ್‌ಮನ್‌ಗೆಂದು ಮೂರು ವರ್ಷಕ್ಕೊಂದು.
ಎದೆಯ ಮೇಲೆ ಏಳು ಹಿತ್ತಾಳೆ ಗುಂಡಿ,
ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ನಾನೇ ತಿಕ್ಕಿದವು.
"ಬೆಳ್ದಿಂಗಳಿಗೆ ಮಿಂಚ್ತವೆ. ಕರೀ ಬಟ್ಟೆ ಹೊಲಿ" ಅಂದ.
ಅವ್ವನ ಮುರುಕು ಕೊಡೆ ಕತ್ತರಿಸಿ
ಏಳು ಬಿಲ್ಲೆ ಮಾಡಿದೆ.

ರಜೆ ಚೀಟಿಯಲ್ಲಿ: ತಂಗಿಯ ಮದುವೆ.
ಅಪ್ಪನಿಗೆ ತಂಗಿಯಿಲ್ಲ. ಪುಷ್ಯದಲ್ಲಿ ಯಾರ ಮದುವೆಯಯ್ಯಾ ಎಂದು
ಸ್ಟೇಷನ್ ಮಾಸ್ಟರೂ ಕೇಳಲಿಲ್ಲ.
ಹೋದ ವರ್ಷ ಒಂದು ತೊಡೆ
ಕತ್ತಲಾದ ಮೇಲೆ ಅವರ ಹಿತ್ತಲಿಗೂ ಹೋಗಿತ್ತು.

ನೆಲದ ತುಂಬ ಹಳೆ ಪೇಪರು. ಅದರ ಮೇಲೆ
ಮೂರು ದಿನ ಬಿಸಿಲಿಗಿಟ್ಟ ಮದ್ದು,
ಚರೆ, ಕೇಪಿನ ಡಬ್ಬಿ, ಉಂಡೆ ಕಟ್ಟಿದ ತೆಂಗಿನ ನಾರು,
ರೇಷನ್ ಕಾರ್ಡಿನೊಳಗೆ ಮಡಚಿಟ್ಟ ಲೈಸೆನ್ಸು.
ದೀಪ ದೂರದ ಗೂಡಿನಲ್ಲಿ. ಬೀಡಿ
ಕಿವಿಯಲ್ಲೇ, ಹಚ್ಚದೆ.
ಕೋವಿಗೆ ಕೊಬ್ಬರಿ ಎಣ್ಣೆ ಕಾಸಿ ತರಲೇ ಎಂದರೆ ನಕ್ಕ:
"ಬೆಟ್ಟದಾಗೆ ಅದು ಕಲ್ಲಾಯ್ತದೆ. ಕುದುರೆ ಬೀಳಕ್ಕಿಲ್ಲ."
ಸೀಮೆಎಣ್ಣೆಯ ಚಿಂದಿಯಲ್ಲಿ ಕುದುರೆಯನ್ನು
ಕೂಸಿನ ಕಿವಿ ಒರೆಸುವ ಹಾಗೆ ಒರೆಸಿದ.

ನಾಳೆ ನಾಲ್ಕಕ್ಕೆ ಮೊಗಣ್ಣಗೌಡರ ಜೀಪು.
ಚಿಕ್ಕಮಗಳೂರು ದಾಟಿ, ಆಲ್ದೂರು ದಾಟಿ,
ಆಮೇಲೆ ಎಲ್ಲಿಗೆ ಎಂದು ಕೇಳುವಂತಿಲ್ಲ.
ಕಡವೆಯನ್ನು ಮನೆಯೊಳಗೆ "ದೊಡ್ಡದು" ಎನ್ನಬೇಕು,
ಕಾಡುಕುರಿಯನ್ನು "ಚಿಕ್ಕದು".
ತಮ್ಮ ಮರೆತು ಹೆಸರು ಆಡಿಬಿಟ್ಟ,
ಹೊರಗೆ ಹೋಗಿ ಮೂರು ಸಲ ಉಗಿದು ಬಂದ.

ಅವ್ವ ಹುರಿಹಿಟ್ಟು ಕಟ್ಟಿದಳು, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿದಳು,
ಕಂಬಳಿ ಕೊಡವಿ ಸುತ್ತಿದಳು.
ಎರಡು ಸೇರು ಉಪ್ಪು.
"ಮಸಾಲೆ ಬ್ಯಾಡ ಕಣಮ್ಮಿ. ಮಸಾಲೆ ಹೊತ್ಕಂಡು ಹೋದ್ರೆ
ಕಾಡು ಕೋಪ ಮಾಡ್ಕತದೆ.
ಉಪ್ಪಾದ್ರೆ ಯಾವುದಕ್ಕಾದ್ರೂ ಆಯ್ತದೆ."
ಅವ್ವ ಹೂಂ ಅಂದಳು. ಅಪ್ಪ ಹಿತ್ತಲಿಗೆ ಹೋದಾಗ
ಹಿಟ್ಟಿನೊಳಗೆ ಒಂದು ಚೂರು ಚಕ್ಕೆ ಅದುಮಿ
ನನ್ನ ಕಡೆ ನೋಡಿದಳು.
ನಾನು ದಾರ ಕಡಿಯುತ್ತಿದ್ದೆ.

ಆರನೇ ಗುಂಡಿಯ ಹೊತ್ತಿಗೆ ಬೆರಳು ಮರಗಟ್ಟಿ
ಸೂಜಿ ಎಲ್ಲಿದೆ ಗೊತ್ತಾಗುತ್ತಿರಲಿಲ್ಲ.
ಒಲೆಗೆ ಕೈ ಕಾಯಿಸಿ ಬಂದು ಏಳನೆಯದು.
ಒಂದೊಂದಕ್ಕೂ ಎರಡೆರಡು ಗಂಟು. ಅಪ್ಪ ಎಳೆದೆಳೆದು ನೋಡಿದ.
ಕೋಟು ತೊಟ್ಟು ನಿಂತ,
ಬಾಗಿಲ ಕತ್ತಲೆಯೇ ಕಿವಿಟೊಪ್ಪಿ ಹಾಕಿಕೊಂಡು
ಒಳಗೆ ಬಂದ ಹಾಗೆ.
ತಮ್ಮ ಅತ್ತ.

ನಾಲ್ಕು ದಿನಕ್ಕೆ ಬಂದ. ಗೋಣಿಚೀಲ ಚಪ್ಪಟೆ.
ಕಟ್ಟಿದ ಉಪ್ಪು ಕಟ್ಟಿದ ಹಾಗೇ.
ಮೊಗಣ್ಣಗೌಡರು ಜೀಪಿನಿಂದ ಇಳಿಯದೆ ಅವ್ವನಿಗೆ ಹೇಳಿದರು:
"ಹತ್ತು ಮಾರೂ ಇರ್ಲಿಲ್ಲ ಕಣವ್ವ, ಇವನದೇ ಸರದಿ.
ಬಂತು. ನಿಂತ್ಕಂತು. ಇವನನ್ನೇ ನೋಡ್ತು.
ಕಾಲು ಅಪ್ಪಳಿಸಿ ಹೊಂಟೋಯ್ತು.
ಕುದುರೆ ಎತ್ತಲೂ ಇಲ್ಲ ಇವನು."
ಚಳಿ ಎಂದ ಅಪ್ಪ. ಬೆರಳು ಮಡಚಲಿಲ್ಲ ಎಂದ.
ಅವ್ವ ಆ ವರ್ಷವೆಲ್ಲ
ಚಕ್ಕೆಯ ಡಬ್ಬಿಯನ್ನು ಅಪ್ಪನೆದುರು ತೆರೆಯಲಿಲ್ಲ.

ಸೋಮವಾರ ರಾತ್ರಿ ಪಾಳಿ. ಕೋಟು ಸರ್ಕಾರದ್ದು,
ಗುಂಡಿ ಹೊಳೆಯಬೇಕು.
ಬ್ಲೇಡು ಹಿಡಿದು ಬಿಚ್ಚಲು ಕೂತೆ.
ಒಂದು. ಎರಡು.
ಮೂರನೆಯದರ ಮೇಲೆ ಬಟ್ಟೆಯೇ ಇಲ್ಲ.
ಮುಳ್ಳಿಗೆ ಸಿಕ್ಕಿ ಹರಿದದ್ದಲ್ಲ. ಎರಡು ಗಂಟೂ
ಚೂರಿಯಲ್ಲಿ ನೀಟಾಗಿ ಕೊಯ್ದದ್ದು,
ಗುಂಡಿಯ ಮೇಲೊಂದು ಗೀರು ಕೂಡ ಬೀಳದ ಹಾಗೆ.

ತಿರುಗಿ ನೋಡಿದೆ.
ಅಪ್ಪ ಬೀಡಿ ಹಚ್ಚುತ್ತಿದ್ದ.
"ಹುಣಸೇಹಣ್ಣು ಐತಾ?" ಎಂದ.

ಇತ್ತು.